ಬಾನೆಟ್ಟಿನ ಕೆಳಗೆ ಯಾರ ಎಂಜಿನ್?

ಮಂಗಳೂರಿನಲ್ಲಿ ಹಳೆಯ ಜೀಪು ನೋಡಲು ಹೋದವರು ಬಣ್ಣ ಕೇಳುವುದಿಲ್ಲ, ಮೈಲೇಜು ಕೇಳುವುದಿಲ್ಲ. ‘ಲೋ ಬಾನೆಟ್ಟಾ, ಹೈ ಬಾನೆಟ್ಟಾ?’ ಎನ್ನುವುದು ಮೊದಲ ಪ್ರಶ್ನೆ. ‘ಇಂಜಿನ್ ಯಾವುದು ಮಾರಾಯ್ರೆ?’ ಎನ್ನುವುದು ಎರಡನೆಯದು. ಎರಡಕ್ಕೂ ಸಮಾಧಾನದ ಉತ್ತರ ಸಿಕ್ಕಿದರೆ ದನಿ ಸ್ವಲ್ಪ ತಗ್ಗಿಸಿ ಕೇಳುವ ಮೂರನೆಯದೂ ಒಂದಿದೆ: ‘ಆರ್‌ಸಿಯಲ್ಲಿ ಏನು ಬರೆದಿದ್ದಾರೆ?’

ಕಾರು ಕೊಳ್ಳುವವರಿಗೆ ಈ ಎರಡನೆಯ ಪ್ರಶ್ನೆ ವಿಚಿತ್ರವಾಗಿ ಕೇಳಿಸಬಹುದು. ಮಾರುತಿ ಕಾರಿನೊಳಗೆ ಮಾರುತಿ ಎಂಜಿನ್ ಅಲ್ಲದೆ ಇನ್ನಾರದ್ದು ಇರುತ್ತದೆ? (ಸ್ವಿಫ್ಟ್ ಡೀಸೆಲ್‌ನೊಳಗೆ ಫಿಯಟ್ ಎಂಜಿನ್ ಇದ್ದದ್ದು ಬೇರೆ ಮಾತು.) ಜೀಪಿನ ಲೋಕದಲ್ಲಿ ಮಾತ್ರ ಒಡಲು ಒಬ್ಬರದು, ಎಂಜಿನ್ ಇನ್ನೊಬ್ಬರದು, ಆಕ್ಸಲ್ ಮತ್ತೊಬ್ಬರದು ಆಗಿರುವುದೇ ಹೆಚ್ಚು. ಅರವತ್ತರ ದಶಕದ ವಿಲ್ಲೀಸ್ ಒಡಲಿನಲ್ಲಿ ಪ್ಯೂಜೊ ಡೀಸೆಲ್, ಮೆಟಡಾರ್ ಎಂಜಿನ್, ಬೊಲೆರೊದ ಡಿಐ, ಟೊಯೊಟಾ ಕ್ವಾಲಿಸ್‌ನ 2ಎಲ್ – ಏನು ಬೇಕಾದರೂ ಇರಬಹುದು. ಕರಾವಳಿಯಲ್ಲಿ ಇದು ಶೋಕಿಯಾಗಿ ಶುರುವಾದದ್ದಲ್ಲ. ಅಡಿಕೆ ತೋಟದ ಏರುದಾರಿ, ಆರು ತಿಂಗಳ ಕೆಸರು ಮತ್ತು ಪೆಟ್ರೋಲ್ ಬಿಲ್ಲು ಸೇರಿ ಮಾಡಿಸಿದ ಕೆಲಸ ಇದು.

ಮೊದಲ ಪ್ರಶ್ನೆಯ ಬಾನೆಟ್ಟಿನ ಎತ್ತರಕ್ಕೂ ಎಂಜಿನ್ ಬದಲಾವಣೆಗೂ ನೇರ ಸಂಬಂಧವಿದೆ. ಎರಡನೆಯ ಮಹಾಯುದ್ಧದ ಜೀಪಿನಲ್ಲಿದ್ದದ್ದು ‘ಗೋ ಡೆವಿಲ್’ ಎಂಬ 2,199 ಸಿಸಿಯ ಪೆಟ್ರೋಲ್ ಎಂಜಿನ್. ವಿಲ್ಲೀಸ್ ಕಂಪನಿಯ ಮುಖ್ಯ ಎಂಜಿನಿಯರ್ ಬಾರ್ನಿ ರೂಸ್, ತಮ್ಮ ಕಾರುಗಳಲ್ಲಿದ್ದ 48 ಅಶ್ವಶಕ್ತಿಯ ಎಂಜಿನ್ನನ್ನೇ ತಿದ್ದಿ 60ಕ್ಕೆ ಏರಿಸಿದ್ದರು. ಯುದ್ಧ ಮುಗಿದ ಮೇಲೆ ಅದೇ ಬ್ಲಾಕ್‌ಗೆ ಹೊಸ ಸಿಲಿಂಡರ್ ಹೆಡ್ ಕೂರಿಸಿ, ಇನ್‌ಟೇಕ್ ವಾಲ್ವುಗಳನ್ನು ಮೇಲಕ್ಕೆ ತಂದು ‘ಹರಿಕೇನ್’ ಎಂದು ಕರೆದರು. ಶಕ್ತಿ 70 ಅಶ್ವಶಕ್ತಿ ದಾಟಿತು. ಆದರೆ ಎಂಜಿನ್‌ನ ಎತ್ತರವೂ ಹೆಚ್ಚಿ ಹಳೆಯ ಬಾನೆಟ್ ಮುಚ್ಚದಾಯಿತು. ಎಂಜಿನ್ ಕುಗ್ಗಿಸಲು ಬರುವುದಿಲ್ಲವಾದ್ದರಿಂದ ಬಾನೆಟ್ಟನ್ನೇ ಎತ್ತರಿಸಿದರು. 1953ರಲ್ಲಿ ಹೀಗೆ ಬಂದದ್ದು ಸಿಜೆ-3ಬಿ, ನಮ್ಮವರ ಬಾಯಲ್ಲಿ ಹೈ ಬಾನೆಟ್. ಅದಕ್ಕಿಂತ ಹಿಂದಿನವೆಲ್ಲ ಲೋ ಬಾನೆಟ್; ನೋಡಲು ಚೆಂದ, ಸಿಗುವುದು ಕಷ್ಟ, ರೇಟು ಜಾಸ್ತಿ. ಅಂದರೆ ಭಾರತದ ರಸ್ತೆಗಳಲ್ಲಿ ಎಲ್ಲರೂ ‘ಒರಿಜಿನಲ್’ ಎಂದು ಗುರುತಿಸುವ ಜೀಪಿನ ಮುಖವೇ ಹಳೆಯ ಒಡಲಿಗೆ ಬೇರೆ ಎಂಜಿನ್ ತುರುಕಿದ್ದರ ಫಲ.

ಅಮೆರಿಕದಲ್ಲಿ ಸಿಜೆ-3ಬಿ ತಯಾರಿಕೆ 1968ಕ್ಕೆ ನಿಂತಿತು. ಲೈಸೆನ್ಸ್ ಪಡೆದಿದ್ದ ಮಹೀಂದ್ರ ಅದನ್ನು ದಶಕಗಳ ಕಾಲ ಎಳೆದು, ಉದ್ದ ಮಾಡಿ, ಅಗಲ ಮಾಡಿ ಮಾರುತ್ತಲೇ ಇತ್ತು. ಈ ದಶಕಗಳ ಉದ್ದಕ್ಕೂ ಕಂಪನಿ ಮಾಡಿದ ಮುಖ್ಯ ಕೆಲಸವೆಂದರೆ ಅದೇ ಚಾಸಿಗೆ ಬೇರೆ ಬೇರೆ ಎಂಜಿನ್ ಇಳಿಸಿದ್ದು. 1963ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ ಟ್ರ್ಯಾಕ್ಟರ್ ಕಂಪನಿ ಕಟ್ಟಿದ ಮೇಲೆ ಟ್ರ್ಯಾಕ್ಟರ್ ವಂಶದ ಡೀಸೆಲ್ ಎಂಜಿನ್ ಜೀಪಿಗೂ ಬಂತು. 1979ರಲ್ಲಿ ಫ್ರಾನ್ಸಿನ ಪ್ಯೂಜೊದಿಂದ ಎಕ್ಸ್‌ಡಿಪಿ 4.90 ಎಂಜಿನ್ ತಯಾರಿಸುವ ಲೈಸೆನ್ಸ್ ಸಿಕ್ಕಿತು. ಹೆಸರಿನಲ್ಲೇ ಲೆಕ್ಕವಿದೆ: ನಾಲ್ಕು ಸಿಲಿಂಡರ್, 90 ಮಿ.ಮೀ. ಬೋರ್, ಒಟ್ಟು 2,112 ಸಿಸಿ. ಆಮೇಲೆ 2,498 ಸಿಸಿಯ ಎಕ್ಸ್‌ಡಿ3ಪಿ. ಅದಾದ ಮೇಲೆ 2,523 ಸಿಸಿಯ ಡಿಐ. ಈ ಡಿಐ ಎಂಜಿನ್ನಿನ ಬೋರ್ 88.9 ಮಿ.ಮೀ., ಸ್ಟ್ರೋಕ್ 101.6 ಮಿ.ಮೀ. ಈ ದಶಮಾಂಶಗಳನ್ನು ಇಂಚಿಗೆ ತಿರುಗಿಸಿದರೆ ಸರಿಯಾಗಿ ಮೂರೂವರೆ ಮತ್ತು ನಾಲ್ಕು. ಮೆಟ್ರಿಕ್ ಕಾಲದ ಎಂಜಿನ್ ಇಂಚಿನ ಅಳತೆಯಲ್ಲಿ ಹುಟ್ಟಿದೆಯೆಂದರೆ ಅದರ ಪೂರ್ವಜ ಎಲ್ಲಿಯದೆಂದು ಬೇರೆ ಹೇಳಬೇಕಾಗಿಲ್ಲ. ಗದ್ದೆ ಉಳಲು ಹುಟ್ಟಿದ ಮನೆತನ ಅದು. ಅದೇ ಎಂಜಿನ್ ಟರ್ಬೊ ಸೇರಿಸಿಕೊಂಡು 2010ರ ಥಾರ್‌ವರೆಗೂ ಬಂತು.

ಕಂಪನಿ ಮಾಡಿದ ಇದೇ ಕೆಲಸವನ್ನು ಗ್ಯಾರೇಜುಗಳೂ ಮಾಡಿದವು. ಕಾರಣ ಸರಳ. 1973ರ ತೈಲ ಬಿಕ್ಕಟ್ಟಿನ ಬಳಿಕ ಪೆಟ್ರೋಲ್ ಕೈಗೆ ಸುಡತೊಡಗಿತು. ಡೀಸೆಲ್ ಬೆಲೆಯನ್ನು ಸರ್ಕಾರ ಹಿಡಿದಿಟ್ಟಿತ್ತು. ಪೆಟ್ರೋಲ್ ದರದ ನಿಯಂತ್ರಣ ತೆಗೆದದ್ದು 2010ರ ಜೂನ್‌ನಲ್ಲಿ, ಡೀಸೆಲ್‌ದು 2014ರ ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗಿನ ದೊಡ್ಡ ಅಂತರವೇ ಹರಿಕೇನ್ ಎಂಜಿನ್ನನ್ನು ಜೀಪುಗಳಿಂದ ಇಳಿಸಿ ಗುಜರಿಗೆ ಕಳಿಸಿತು. ದಕ್ಷಿಣ ಕನ್ನಡದಲ್ಲಿ ಬಸ್ಸು ಹೋಗದ ಊರುಗಳಿಗೆಲ್ಲ ಸರ್ವಿಸ್ ಜೀಪುಗಳೇ ಆಧಾರವಾಗಿದ್ದವು. ಸುಳ್ಯ, ಪುತ್ತೂರು, ಬೆಳ್ತಂಗಡಿ ಪೇಟೆಗಳಿಂದ ಹಳ್ಳಿಗಳಿಗೆ ಒಳಗೆ ಕೂತವರಷ್ಟೇ ಜನ ಹಿಂದೆ ನೇತಾಡಿಕೊಂಡು ಹೋಗುತ್ತಿದ್ದ ಆ ಜೀಪುಗಳಿಗೆ ಲೀಟರಿಗೆ ಎಷ್ಟು ಓಡುತ್ತದೆ ಎನ್ನುವುದು ಅನ್ನದ ಪ್ರಶ್ನೆ. ಬಜಾಜ್ ಟೆಂಪೊ ಕಂಪನಿ ಮರ್ಸಿಡಿಸ್‌ನ ಓಎಂ 616 ಎಂಬ 2.4 ಲೀಟರ್ ಡೀಸೆಲ್ ಎಂಜಿನ್ನನ್ನು ಲೈಸೆನ್ಸ್ ಮೇಲೆ ತಯಾರಿಸಿ ಮೆಟಡಾರ್‌ಗೆ ಹಾಕಿತು. ಮೆಟಡಾರ್‌ನ ಒಡಲು ತುಕ್ಕು ತಿಂದು ಹೋದರೂ ಎಂಜಿನ್ ಗಟ್ಟಿಯಾಗಿ ಉಳಿಯುತ್ತಿತ್ತು. ಜರ್ಮನಿಯ ಟ್ಯಾಕ್ಸಿಗಳಲ್ಲಿ ಹೆಸರು ಮಾಡಿದ ಎಂಜಿನ್ ಹೀಗೆ ಘಟ್ಟದ ತಪ್ಪಲಿನ ಜೀಪುಗಳ ಬಾನೆಟ್ ಸೇರಿತು.

ಈ ಕೆಲಸಕ್ಕೆ ಮಂಗಳೂರು ಹೊಂದಿದ್ದಕ್ಕೆ ಕಾರಣಗಳಿವೆ. ಹೆಂಚಿನ ಕಾರ್ಖಾನೆ ಶುರುಮಾಡಿದ ಬಾಸೆಲ್ ಮಿಷನ್‌ನವರು 19ನೆಯ ಶತಮಾನದಲ್ಲೇ ಇಲ್ಲಿ ಕಬ್ಬಿಣದ ಕೆಲಸದ ವರ್ಕ್‌ಶಾಪ್ ನಡೆಸಿದ್ದರು. ಕದ್ರಿ ಗುಡ್ಡದ ಕರ್ನಾಟಕ ಪಾಲಿಟೆಕ್ನಿಕ್ 1946ರಿಂದ ಹುಡುಗರನ್ನು ತಯಾರು ಮಾಡುತ್ತಿದೆ. ಬಸ್ಸಿನವರು ‘ಕೆಪಿಟಿ’ ಎಂದು ಕೂಗುವ ಸ್ಟಾಪು ಅದೇ. ಬಂದರಿನ ದಕ್ಕೆಯಲ್ಲಿ ಮೀನುಗಾರಿಕೆಯ ಬೋಟುಗಳೊಳಗೆ ಗುಡುಗುವುದು ಲಾರಿ ಎಂಜಿನ್‌ಗಳ ದಾಯಾದಿಗಳೇ. ಭೂಮಿಯ ಮೇಲೆ ಓಡಬೇಕಾದ ಎಂಜಿನ್ನನ್ನು ನೀರಿಗೆ ಇಳಿಸಿ ಬಳಕೆಯಾದ ಕೈಗಳಿಗೆ ಮೆಟಡಾರ್ ಎಂಜಿನ್ನನ್ನು ಜೀಪಿಗೆ ಕೂರಿಸುವುದು ದೊಡ್ಡ ಸಂಗತಿಯಲ್ಲ. ಬೈಕಂಪಾಡಿ, ಯೆಯ್ಯಾಡಿ ಕೈಗಾರಿಕಾ ಪ್ರದೇಶಗಳಲ್ಲಿ ಲೇತ್, ವೆಲ್ಡಿಂಗ್, ಟಿಂಕರಿಂಗ್ ಎಲ್ಲವೂ ಕೂಗಳತೆಯಲ್ಲಿ ಸಿಗುತ್ತವೆ. ಹೊರಗಿನವರಿಗೆ ಅಷ್ಟಾಗಿ ತಿಳಿಯದ ಇನ್ನೊಂದು ಸಂಗತಿ: ಮಂಗಳೂರು ಪ್ಲೇಟುಗಳ ಊರು. ಲಾರಿ, ಬಸ್ಸು, ಜೀಪಿನ ಅಡಿಗೆ ಕಟ್ಟುವ ಲೀಫ್ ಸ್ಪ್ರಿಂಗ್ ತಯಾರಿಸುವ ಕೆನರಾ ಸ್ಪ್ರಿಂಗ್ಸ್ ಮತ್ತು ಬೈಕಂಪಾಡಿಯ ಲ್ಯಾಮಿನಾ, ಎರಡೂ ಇಲ್ಲಿಯವು. ಜೀಪಿನ ಆಕ್ಸಲ್ ನಿಂತಿರುವುದೇ ಈ ಪ್ಲೇಟುಗಳ ಮೇಲೆ.

ಎಂಜಿನ್ ಬದಲಿಸುವುದೆಂದರೆ ಹಳೆಯದನ್ನು ಎತ್ತಿ ಹೊಸದನ್ನು ಇಳಿಸುವುದು ಎಂದುಕೊಂಡು ಗ್ಯಾರೇಜಿಗೆ ಬರುವವರಿದ್ದಾರೆ. ಇಳಿಸುವುದಕ್ಕೆ ಒಂದು ಚೈನ್ ಬ್ಲಾಕು, ಮೂರು ಜನ, ಒಂದು ಮಧ್ಯಾಹ್ನ ಸಾಕು. ಕಷ್ಟ ಆರಂಭವಾಗುವುದು ಆಮೇಲೆ. ಎಂಜಿನ್ನಿನ ಹಿಂಭಾಗದ ಬೋಲ್ಟುಗಳು ಹಳೆಯ ಗೇರ್‌ಬಾಕ್ಸಿನ ಬೋಲ್ಟುಗಳಿಗೆ ಹೊಂದುವುದಿಲ್ಲ. ನಡುವೆ ಅಡಾಪ್ಟರ್ ಪ್ಲೇಟ್ ಬೇಕು. ಅದನ್ನು ಲೇತಿನಲ್ಲಿ ಕೊರೆಯುವಾಗ ಕ್ರ್ಯಾಂಕಿನ ನಡುಗೆರೆಗೂ ಗೇರ್‌ಬಾಕ್ಸ್ ಶಾಫ್ಟಿನ ನಡುಗೆರೆಗೂ ಕೂದಲೆಳೆಯಷ್ಟು ವ್ಯತ್ಯಾಸ ಉಳಿದರೂ ಪೈಲಟ್ ಬೇರಿಂಗ್ ಉಳಿಯದು, ಕ್ಲಚ್ ನಡುಗುತ್ತದೆ. ಜಾಣರು ಗೇರ್‌ಬಾಕ್ಸನ್ನೂ ಎಂಜಿನ್ ಜೊತೆಗೇ ತರುತ್ತಾರೆ. ಆಗ ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಪ್ರಶ್ನೆ ಏಳುತ್ತದೆ. ಗೇರ್‌ಬಾಕ್ಸಿನ ಉದ್ದ ಹೆಚ್ಚಾದರೆ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಉದ್ದವಾಗುತ್ತದೆ, ಹಿಂದಿನದು ಗಿಡ್ಡವಾಗುತ್ತದೆ. ವಿಲ್ಲೀಸ್‌ನ ವೀಲ್‌ಬೇಸ್ ಇರುವುದೇ 80 ಇಂಚು. ಅಷ್ಟರಲ್ಲಿ ಗಿಡ್ಡವಾದ ಹಿಂದಿನ ಶಾಫ್ಟು ಕಡಿದಾದ ಕೋನದಲ್ಲಿ ತಿರುಗಬೇಕು. ತಿಂಗಳಿಗೊಮ್ಮೆ ಶಾಫ್ಟಿನ ತುದಿಯ ಕ್ರಾಸ್ ಬದಲಿಸುವ ಜೀಪು ಕಂಡರೆ ಅದರ ಕಥೆ ಹೆಚ್ಚಾಗಿ ಇದೇ.

ರೇಡಿಯೇಟರ್, ಸೈಲೆನ್ಸರ್, ಆಕ್ಸಲರೇಟರ್ ಕೇಬಲ್ಲುಗಳ ಸಣ್ಣಪುಟ್ಟ ತಾಪತ್ರಯ ಬೇರೆ. ಪಂಪಿನಿಂದ ನಡೆಯುವ ಹಳೆಯ ಡೀಸೆಲ್ ಎಂಜಿನ್‌ಗಳಿಗೆ ವಿದ್ಯುತ್ತಿನ ಗೊಡವೆ ಕಡಿಮೆ. ಸಿಆರ್‌ಡಿಇ ಎಂಬ ಹೊಸ ಕಾಮನ್ ರೇಲ್ ಡೀಸೆಲ್ ಎಂಜಿನ್ ತಂದರೆ ಅದರ ಕಂಪ್ಯೂಟರ್ ಆದ ಇಸಿಯು, ಸೆನ್ಸರ್, ಪೆಡಲ್, ಇಮ್ಮೊಬಿಲೈಸರ್ ಸಮೇತ ಇಡೀ ವೈರಿಂಗ್ ತರಬೇಕು. ಇಲ್ಲವಾದರೆ ಎಂಜಿನ್ ತಾನು ಕಳವಾಗಿದ್ದೇನೆಂದು ತಿಳಿದು ಸ್ಟಾರ್ಟೇ ಆಗುವುದಿಲ್ಲ.

ಇಷ್ಟಾದರೂ ಜನ ಹೊಗಳುವುದು ಎಂಜಿನ್ನನ್ನೇ. ಜೀಪು ಹೇಗೆ ಓಡುತ್ತದೆ, ಎಷ್ಟು ದಿನ ಓಡುತ್ತದೆ ಎಂದು ತೀರ್ಮಾನಿಸುವ ವಸ್ತು ಮಾತ್ರ ಯಾರ ಕಣ್ಣಿಗೂ ಬೀಳದೆ ಹೌಸಿಂಗಿನ ಒಳಗೆ ಗ್ರೀಸು, ಎಣ್ಣೆಯ ನಡುವೆ ಕೂತಿರುತ್ತದೆ: ಕ್ರೌನ್ ಮತ್ತು ಪಿನಿಯನ್. ಹಳೆಯ ಸಿಜೆಗಳಲ್ಲಿ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 43. ಅಂದರೆ ಪ್ರೊಪೆಲ್ಲರ್ ಶಾಫ್ಟು 5.38 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. 6.00-16 ಅಳತೆಯ ಟಯರ್ ಹಾಕಿದ ಜೀಪು ಟಾಪ್ ಗೇರಿನಲ್ಲಿ ಗಂಟೆಗೆ 80 ಕಿ.ಮೀ. ಓಡುವಾಗ ಎಂಜಿನ್ ನಿಮಿಷಕ್ಕೆ ಸುಮಾರು 3,150 ಸುತ್ತು ತಿರುಗಬೇಕಾಗುತ್ತದೆ. 4,000 ಸುತ್ತಿನಲ್ಲಿ ಪೂರ್ಣ ಶಕ್ತಿ ಕೊಡುವ ಗೋ ಡೆವಿಲ್‌ಗೆ ಇದು ಕಷ್ಟವಲ್ಲ. ಅದರ ಜಾಗದಲ್ಲಿ ಡಿಐ ಎಂಜಿನ್ ಇಟ್ಟರೆ? ಥಾರ್ ಡಿಐ ತನ್ನ ಪೂರ್ತಿ ಶಕ್ತಿ ಕೊಡುವುದೇ 3,200ರಲ್ಲಿ. ಪಡೀಲಿನಿಂದ ಬಿ.ಸಿ. ರೋಡಿಗೆ ಹೋಗುವಷ್ಟರಲ್ಲಿ ಎಂಜಿನ್ ಬೊಬ್ಬೆ ಹೊಡೆದು ಚಾಲಕನ ಕಿವಿ ಕೆಪ್ಪಾಗಿರುತ್ತದೆ. ಎಂಜಿನ್ನಿಗೆ ಹಣ ಸುರಿದು ಆಕ್ಸಲ್ ಹಾಗೇ ಬಿಟ್ಟವರ ಜೀಪುಗಳೆಲ್ಲ ಹೀಗೆಯೇ ಬೊಬ್ಬೆ ಹೊಡೆಯುತ್ತವೆ.

ಪರಿಹಾರ, ಹಲ್ಲಿನ ಲೆಕ್ಕ ಬದಲಿಸುವುದು. 39ಕ್ಕೆ 8 ಹಾಕಿದರೆ 4.88. 47ಕ್ಕೆ 11 ಹಾಕಿದರೆ 4.27, ಆಗ ಅದೇ 80 ಕಿ.ಮೀ. ವೇಗಕ್ಕೆ 2,500 ಸುತ್ತು ಸಾಕು. ಆದರೆ ಹಿಂದಿನ ಆಕ್ಸಲ್ ಒಂದನ್ನೇ ಬದಲಿಸಿ ಮುಂದಿನದನ್ನು ಆಮೇಲೆ ನೋಡೋಣ ಎಂದು ಬಿಡುವ ಹಾಗಿಲ್ಲ. ಈ ಜೀಪುಗಳ ಟ್ರಾನ್ಸ್‌ಫರ್ ಕೇಸಿನಲ್ಲಿ ಮುಂದು–ಹಿಂದಿನ ನಡುವೆ ಡಿಫರೆನ್ಷಿಯಲ್ ಇಲ್ಲ. ಫೋರ್ ವೀಲ್ ಹಾಕಿದೊಡನೆ ಎರಡು ಶಾಫ್ಟುಗಳೂ ಒಂದಕ್ಕೊಂದು ಬೆಸೆದಂತೆ ಒಂದೇ ವೇಗದಲ್ಲಿ ತಿರುಗುತ್ತವೆ. ಮುಂದೆ 5.38, ಹಿಂದೆ 4.27 ಇದ್ದರೆ ಕಂಬಳದ ಕೋಣವನ್ನೂ ಗಾಣದ ಎತ್ತನ್ನೂ ಒಂದೇ ನೊಗಕ್ಕೆ ಕಟ್ಟಿದ ಹಾಗೆ. ಕೆಸರಿನಲ್ಲಾದರೆ ಚಕ್ರ ಜಾರಿ ಹೇಗೋ ಸರಿದೂಗುತ್ತದೆ. ಡಾಮರು ರಸ್ತೆಯಲ್ಲಿ ಟ್ರಾನ್ಸ್‌ಫರ್ ಕೇಸಿನ ಗೇರು ಒಡೆಯುವವರೆಗೆ ಎರಡೂ ಎಳೆದಾಡುತ್ತವೆ. ಆದ್ದರಿಂದ ಎರಡೂ ಹೌಸಿಂಗ್ ಬಿಚ್ಚಲೇಬೇಕು. ಕ್ರೌನ್–ಪಿನಿಯನ್ ಹಲ್ಲುಗಳು ಎಲ್ಲಿ ಕಚ್ಚುತ್ತವೆ ಎಂದು ಬಣ್ಣ ಹಚ್ಚಿ ನೋಡಿ, ಶಿಮ್ ಸೇರಿಸಿ ತೆಗೆದು ಕೂರಿಸುವ ಈ ಕೆಲಸಕ್ಕೆ ತಾಳ್ಮೆ ಬೇಕು. ಅವಸರದಲ್ಲಿ ಮಾಡಿದ ಕೆಲಸ ಮೊದಲ ಘಟ್ಟ ಹತ್ತುವಾಗಲೇ ಕೀರಲು ದನಿ ತೆಗೆದು ತನ್ನನ್ನು ತಾನೇ ಹೇಳಿಕೊಳ್ಳುತ್ತದೆ.

ಇಡೀ ಹೌಸಿಂಗನ್ನೇ ಬದಲಿಸುವುದು ಇನ್ನೊಂದು ದಾರಿ. ಅದಕ್ಕೂ ತೊಡಕುಗಳಿವೆ. ಹಳೆಯ ವಿಲ್ಲೀಸ್‌ನ ಹಿಂದಿನ ಡಿಫರೆನ್ಷಿಯಲ್ ಗುಂಡು ನಟ್ಟನಡುವೆ ಇರುವುದಿಲ್ಲ, ಬಲಕ್ಕೆ ಸರಿದಿರುತ್ತದೆ. ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸಿನಿಂದ ಹೊರಡುವ ಶಾಫ್ಟು ಬಲಬದಿಯಲ್ಲಿರುವುದೇ ಅದಕ್ಕೆ ಕಾರಣ. ನಡುವೆ ಗುಂಡು ಇರುವ ಬೇರೆ ಗಾಡಿಯ ಆಕ್ಸಲ್ ತಂದು ಕೂರಿಸಿದರೆ ಶಾಫ್ಟು ಅಡ್ಡಡ್ಡ ಓಡುತ್ತದೆ. ಹಾಗಾಗಿ ಆಕ್ಸಲ್ ಬದಲಿಸಲು ಹೊರಟವರು ಕೊನೆಗೆ ಟ್ರಾನ್ಸ್‌ಫರ್ ಕೇಸನ್ನೂ ಬದಲಿಸಿ, ಅದಕ್ಕೆ ಹೊಂದುವ ಗೇರ್‌ಬಾಕ್ಸ್ ತಂದು, ಮೂರು ತಿಂಗಳ ಹಿಂದೆ ಬರೀ ಎಂಜಿನ್ನಿನ ಮಾತಾಡುತ್ತಿದ್ದವರು ಹೊಸ ಜೀಪೇ ಕಟ್ಟಿರುತ್ತಾರೆ. ಒಂದು ಸಂಗತಿ ಮಾತ್ರ ಎಲ್ಲರಿಗೂ ಅನುಕೂಲವಾಗಿದೆ. ಯುದ್ಧಕಾಲದ ಜೀಪಿನಿಂದ ಮಹೀಂದ್ರ ಜೀಪುಗಳವರೆಗೆ, ಮಾರುತಿ ಜಿಪ್ಸಿಯಲ್ಲೂ, ಚಕ್ರಕ್ಕೆ ಐದೇ ಬೋಲ್ಟು, ಅವು ಕೂರುವ ವೃತ್ತ 139.7 ಮಿ.ಮೀ., ಅಂದರೆ ಐದೂವರೆ ಇಂಚು. ಅಮೆರಿಕದ ಹಳೆಯ ಅಳತೆಯೊಂದು ಜಪಾನ್ ಮೂಲದ ಗಾಡಿಯಲ್ಲೂ ಉಳಿದುಕೊಂಡಿರುವುದರಿಂದ ಕರಾವಳಿಯ ಗುಜರಿ ಅಂಗಡಿಗಳಲ್ಲಿ ಜೀಪಿನ ರಿಮ್ ಹುಡುಕುವುದು ಸುಲಭ.

ಆಕ್ಸಲ್ ಬದಲಿಸಲು ಬಲದ ಕಾರಣವೂ ಇದೆ. ಗೋ ಡೆವಿಲ್‌ನ ಟಾರ್ಕ್ ಸುಮಾರು 142 ನ್ಯೂಟನ್ ಮೀಟರ್. ಥಾರ್ ಡಿಐಯದು 182.5. ಥಾರ್ ಸಿಆರ್‌ಡಿಇಯದು 247. ಹಳೆಯ ಜೀಪಿನ ಫಸ್ಟ್ ಗೇರು (2.798), ಲೋ ಗೇರು (2.46), ಆಕ್ಸಲ್ (5.38) ಮೂರನ್ನೂ ಗುಣಿಸಿದರೆ ಬರುವುದು 37. ಎಂಜಿನ್ ಕೊಟ್ಟ ಬಲ ಚಕ್ರ ತಲುಪುವಷ್ಟರಲ್ಲಿ, ಸವಕಳಿ ಬಿಟ್ಟು, 37 ಪಟ್ಟಾಗಿರುತ್ತದೆ. ಅದೇ ಗೇರುಗಳನ್ನು ಉಳಿಸಿಕೊಂಡು ಸಿಆರ್‌ಡಿಇ ಹಾಕಿದರೆ ಸುಮಾರು 5,250 ನ್ಯೂಟನ್ ಮೀಟರ್ ಹೊರಬೇಕಾಗಿದ್ದ ಕಡೆ 9,100 ಬಂದು ಬೀಳುತ್ತದೆ. ಬಂಡೆಗೆ ಚಕ್ರ ಸಿಕ್ಕಿಕೊಂಡು ತಿರುಗದೆ ನಿಂತಾಗ ಚಾಲಕ ಆಕ್ಸಲರೇಟರ್ ತುಳಿದರೆ, ಆ ಬಲವೆಲ್ಲ ಅತಿ ದುರ್ಬಲ ಜಾಗವನ್ನು ಹುಡುಕಿಕೊಂಡು ಹೋಗುತ್ತದೆ: ಆಕ್ಸಲ್ ಶಾಫ್ಟಿನ ಸ್ಪ್ಲೈನ್, ಇಲ್ಲವೇ ಮುಂದಿನ ಚಕ್ರದ ಜಾಯಿಂಟು. ಸೆಮಿ ಫ್ಲೋಟಿಂಗ್ ಆಕ್ಸಲ್ ಆದರೆ ಶಾಫ್ಟು ತುಂಡಾದಾಗ ಚಕ್ರವೇ ಕಳಚಿ ಹೊರಡಬಹುದು. ಫುಲ್ ಫ್ಲೋಟಿಂಗ್‌ನಲ್ಲಿ ಭಾರವನ್ನು ಹೌಸಿಂಗ್ ಹೊರುವುದರಿಂದ ಜೀಪು ಅಲ್ಲೇ ನಿಲ್ಲುತ್ತದೆ, ಅಷ್ಟೆ. ಕೊಲ್ಲೂರು ಕಡೆಯಿಂದ 1,343 ಮೀಟರ್ ಎತ್ತರದ ಕೊಡಚಾದ್ರಿಗೆ ಪ್ರವಾಸಿಗರನ್ನು ಹೊತ್ತು ಏರುವ ಜೀಪುಗಳನ್ನು ನೋಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಆ ದಾರಿಯ ಕೊನೆಯ ಹಾದಿಯಲ್ಲಿ ವೇಗಕ್ಕೆ ಬೆಲೆಯೇ ಇಲ್ಲ.

ಭಾರದ ಡೀಸೆಲ್ ಎಂಜಿನ್ ಬಂದೊಡನೆ ಜೀಪಿನ ಮೂತಿ ಬಗ್ಗುತ್ತದೆ. ಮುಂದಿನ ಕಟ್ಟಿಗೆ ಒಂದು ಪ್ಲೇಟು ಹೆಚ್ಚು ಸೇರಿಸುವುದು ಊರಿನ ರೂಢಿ. ದೊಡ್ಡ ಟಯರಿನ ಆಸೆಗೆ ಬಿದ್ದವರು ಆಕ್ಸಲನ್ನು ಪ್ಲೇಟಿನ ಮೇಲಿನಿಂದ ಕೆಳಕ್ಕೆ ತಂದು ಜೀಪನ್ನು ಎತ್ತರಿಸುವುದೂ ಉಂಟು. ಎತ್ತರದ ಜೀಪು ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ. ತಿರುವಿನಲ್ಲಿ ವಾಲುವುದು, ಸ್ಟೀರಿಂಗ್ ರಾಡಿನ ಕೋನ ಕೆಟ್ಟು ಉಬ್ಬಿನ ಮೇಲೆ ತಾನೇ ತಿರುಗುವುದು ಫೋಟೊದಲ್ಲಿ ಕಾಣುವುದಿಲ್ಲ. ಇನ್ನು ಬ್ರೇಕು. ಅರವತ್ತು ಅಶ್ವಶಕ್ತಿಯ ಜೀಪಿಗೆಂದು ಮಾಡಿದ ಡ್ರಮ್ ಬ್ರೇಕುಗಳನ್ನೇ ಉಳಿಸಿಕೊಂಡು ನೂರು ದಾಟಿದ ಎಂಜಿನ್ ಕೂರಿಸುವುದು ಸಾಹಸವಲ್ಲ, ಅವಿವೇಕ. ಥಾರ್‌ನ ಮುಂದಿನ ಡಿಸ್ಕ್ ಬ್ರೇಕನ್ನು ಹಳೆಯ ಜೀಪಿಗೆ ಹೊಂದಿಸುವಷ್ಟರಲ್ಲಿ ಬಜೆಟ್ ಎಲ್ಲಿಗೋ ಹೋಗಿರುತ್ತದೆ. ಮಂಗಳೂರಿನ ಉಪ್ಪುಗಾಳಿಯ ಲೆಕ್ಕ ಬೇರೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರಿನಲ್ಲಿ ಚಾಸಿ ಹೊರಗಿನಿಂದ ಗಟ್ಟಿ ಕಂಡರೂ ಒಳಗೆ ಟೊಳ್ಳಾಗಿರುತ್ತದೆ. ಸುತ್ತಿಗೆಯಿಂದ ತಟ್ಟಿ ಸದ್ದು ಕೇಳದೆ ಎಂಜಿನ್ ಮೌಂಟಿಗೆ ವೆಲ್ಡಿಂಗ್ ಹಿಡಿಯುವ ಕೆಲಸಗಾರನನ್ನು ನಂಬದಿರುವುದು ಒಳ್ಳೆಯದು.

ಜಿಪ್ಸಿಯವರಿಗೆ ಈ ಗೋಳು ಕಡಿಮೆ. 1985ರ ಕೊನೆಯಲ್ಲಿ 970 ಸಿಸಿ, 45 ಅಶ್ವಶಕ್ತಿಯೊಂದಿಗೆ ಬಂದ ಮಾರುತಿ ಜಿಪ್ಸಿಗೆ 1996ರಲ್ಲಿ 1.3 ಲೀಟರ್ ಎಂಜಿನ್ ಸಿಕ್ಕಿತು. 1999ರ ಬಲೆನೊ ಕಾರಿನ 1.6 ಲೀಟರ್ ಜಿ16ಬಿ ಅದೇ ಮನೆತನದ್ದಾದ್ದರಿಂದ ಗೇರ್‌ಬಾಕ್ಸಿಗೆ ಸಲೀಸಾಗಿ ಕೂರುತ್ತದೆ. ಜಿಪ್ಸಿಯ ಟ್ರಾನ್ಸ್‌ಫರ್ ಕೇಸು ಗೇರ್‌ಬಾಕ್ಸಿಗೆ ಅಂಟಿಕೊಂಡಿರದೆ, ನಡುವೆ ಸಣ್ಣ ಶಾಫ್ಟಿನಿಂದ ಜೋಡಿಸಿ ಬೇರೆಯೇ ಇರುವುದು ಇನ್ನೊಂದು ಅನುಕೂಲ. ರ‍್ಯಾಲಿ ಹುಡುಗರ ನಡುವೆ ಬಲೆನೊ ಎಂಜಿನ್ನಿನ ಜಿಪ್ಸಿಗೆ ಇರುವ ಮಾನ ಹಾಗಾಗಿ ಬಂದದ್ದು. ಇನ್ನೊಂದು ತುದಿಯಲ್ಲಿ ಜೋಂಗಾ ಇದೆ. ಜಬಲ್ಪುರದ ಸೇನಾ ಕಾರ್ಖಾನೆಯಲ್ಲಿ ನಿಸ್ಸಾನ್ ಪ್ಯಾಟ್ರೋಲ್ ಮಾದರಿಯ ಮೇಲೆ ತಯಾರಾದ, ಆರು ಸಿಲಿಂಡರಿನ 3,956 ಸಿಸಿಯ ಪೆಟ್ರೋಲ್ ಕುಡುಕ. ಸೇನೆಯ ಹರಾಜಿನಲ್ಲಿ ಅದನ್ನು ಕೊಂಡವರು ಮನೆಗೆ ತರುವ ಮೊದಲೇ ಡೀಸೆಲ್ ಎಂಜಿನ್ ಹುಡುಕತೊಡಗುತ್ತಿದ್ದರು. ಕಾರ್ಖಾನೆಯೇ 1996ರಲ್ಲಿ ನಾಗರಿಕರಿಗೆಂದು ಹೀನೊ ಡೀಸೆಲ್ ಹಾಕಿದ ಜೋಂಗಾ ತಂದಿತು. 1999ಕ್ಕೆ ಜೋಂಗಾದ ಕಾಲವೇ ಮುಗಿಯಿತು.

ಈಗ ದನಿ ತಗ್ಗಿಸಿ ಕೇಳುವ ಪ್ರಶ್ನೆಗೆ ಬರಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್‌ಗೆ 2000ದಲ್ಲಿ ತಿದ್ದುಪಡಿಯಾಯಿತು. ಆರ್‌ಸಿಯಲ್ಲಿರುವ ವಿವರ ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ವಾಹನವನ್ನು ಬದಲಿಸುವಂತಿಲ್ಲ ಎಂಬುದು ಅದರ ಸಾರ. ಅದಕ್ಕೆ ಮೊದಲು ಆರ್‌ಟಿಒ ಒಪ್ಪಿಗೆ ಪಡೆದು ಬದಲಾವಣೆ ಮಾಡಿಸಿ ಆರ್‌ಸಿಯಲ್ಲಿ ಬರೆಸಿಕೊಳ್ಳಲು ದಾರಿಯಿತ್ತು. ಆ ಕಾಲದಲ್ಲಿ ಡೀಸೆಲ್ ಎಂದು ಬರೆಸಿಕೊಂಡ ಹಳೆಯ ಪೆಟ್ರೋಲ್ ಜೀಪುಗಳಿಗೆ ಈಗ ಬೇಡಿಕೆ ಬಂದಿರುವುದು ಈ ಕಾರಣಕ್ಕೆ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ನ್ಯಾಯಮೂರ್ತಿಗಳಾದ ಅರುಣ್ ಮಿಶ್ರಾ ಮತ್ತು ವಿನೀತ್ ಸರಣ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ 2019ರ ಜನವರಿಯಲ್ಲಿ ಈ ನಿಷೇಧವನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆ 182ಎ ಸೆಕ್ಷನ್ ಅಡಿ ಶಿಕ್ಷೆ ಗೊತ್ತುಮಾಡಿತು: ನಿಯಮ ಮೀರಿ ಬದಲಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಎಂಜಿನ್, ಎರಡು ಆಕ್ಸಲ್, ಎತ್ತರಿಸಿದ ಪ್ಲೇಟು – ಲೆಕ್ಕ ಹಾಕುತ್ತಾ ಹೋಗಬಹುದು. ದಂಡಕ್ಕಿಂತ ದೊಡ್ಡ ಹೆದರಿಕೆ ಅಪಘಾತದ್ದು. ಆರ್‌ಸಿಯ ಎಂಜಿನ್ ನಂಬರಿಗೂ ಬ್ಲಾಕಿನ ಮೇಲೆ ಕೊರೆದ ನಂಬರಿಗೂ ತಾಳೆಯಾಗದ ಜೀಪು ಯಾರಿಗಾದರೂ ಗುದ್ದಿದರೆ ವಿಮೆಯ ಕಡತ ಎಲ್ಲಿ ನಿಲ್ಲುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ತಲಪಾಡಿ ದಾಟಿ ಕೇರಳಕ್ಕೆ ಹೋಗುವ ಮೊದಲು ಈ ಜೀಪುಗಳ ಮಾಲೀಕರು ಎರಡು ಸಲ ಯೋಚಿಸುತ್ತಾರೆ.

ಕಾನೂನಿಗೆ ಅದರದ್ದೇ ನ್ಯಾಯವಿದೆ. ಕಂಪನಿ ಹಳೆಯ ಒಡಲಿಗೆ ಹೊಸ ಎಂಜಿನ್ ಹಾಕಿದಾಗ ಪುಣೆಯ ಎಆರ್‌ಎಐಯಂಥ ಸಂಸ್ಥೆಯಲ್ಲಿ ಬ್ರೇಕು, ಹೊಗೆ ಎಲ್ಲ ಪರೀಕ್ಷೆಯಾಗಿ ಹೊಸ ಮಾಡೆಲ್ ಎನಿಸಿಕೊಳ್ಳುತ್ತದೆ. ಗ್ಯಾರೇಜಿನ ಕೆಲಸಕ್ಕೆ ಪರೀಕ್ಷೆಯೆಂದರೆ ಶಿರಾಡಿ ಘಾಟಿ. ಆದರೆ ಒಳ್ಳೆಯ ಕೆಲಸಕ್ಕೂ ಕೆಟ್ಟ ಕೆಲಸಕ್ಕೂ ಒಂದೇ ಶಿಕ್ಷೆ ವಿಧಿಸಿ, ಒಳ್ಳೆಯದನ್ನು ಪರೀಕ್ಷೆಗೆ ಒಡ್ಡಿ ಒಪ್ಪಿಸಿಕೊಳ್ಳುವ ಬಾಗಿಲನ್ನೂ ಮುಚ್ಚಿದ್ದರಿಂದ ಕೆಲಸ ನಿಂತಿಲ್ಲ, ಕದ್ದುಮುಚ್ಚಿ ನಡೆಯುತ್ತಿದೆ. ಬ್ರೇಕಿಗೆ ಖರ್ಚು ಮಾಡುವವರೂ ಮಾಡದವರೂ ಒಂದೇ ಸಾಲಿನಲ್ಲಿ ನಿಂತಿದ್ದಾರೆ. ತೆರೆದಿರುವ ಬಾಗಿಲು ಇಂಧನ ಬದಲಾವಣೆಯದು. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಗೆ ಅನುಮೋದಿತ ಕಿಟ್ ಮೂಲಕ ಬದಲಿಸಿಕೊಳ್ಳಲು 52ನೆಯ ಸೆಕ್ಷನ್ ಒಪ್ಪುತ್ತದೆ. ನಿಂತಲ್ಲಿಂದಲೇ ಪೂರ್ಣ ಟಾರ್ಕ್ ಕೊಡುವ ಮೋಟಾರು ಕಾಗದದ ಮೇಲೆ ಏರುದಾರಿಗೆ ಹೇಳಿ ಮಾಡಿಸಿದ್ದು. ಬ್ಯಾಟರಿಯ ಭಾರ, ಬೆಲೆ, ಮಳೆಗಾಲದ ತೋಡು ದಾಟುವ ಪ್ರಶ್ನೆ ಮುಂದಿರುವುದರಿಂದ ತೋಟದವರು ಸದ್ಯ ಅದನ್ನು ದೂರದಿಂದ ನೋಡುತ್ತಿದ್ದಾರೆ. ಹದಿನೈದು ವರ್ಷ ದಾಟಿದ ಗಾಡಿಯ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿದ್ದೂ ಹಳೆಯ ಜೀಪು ಇಟ್ಟುಕೊಳ್ಳುವವರ ಉತ್ಸಾಹಕ್ಕೆ ತಣ್ಣೀರು ಎರಚಿದೆ.

ಮಹೀಂದ್ರ 2018ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ‘ರಾಕ್ಸರ್’ ಎಂಬ ಗಾಡಿ ತಂದಾಗ ಮಂಗಳೂರಿನ ಜೀಪು ಪ್ರಿಯರು ನಕ್ಕಿರಬೇಕು. ಹಳೆಯ ಸಿಜೆ ಆಕಾರ, ಲೀಫ್ ಸ್ಪ್ರಿಂಗ್, ಗಟ್ಟಿ ಆಕ್ಸಲ್, 2.5 ಲೀಟರ್ ಟರ್ಬೊ ಡೀಸೆಲ್. ನಮ್ಮ ಗ್ಯಾರೇಜುಗಳು ವರ್ಷಗಳಿಂದ ಕಟ್ಟುತ್ತಿದ್ದದ್ದೇ. ಅಲ್ಲಿಯೂ ಅದನ್ನು ಮಾರಿದ್ದು ರಸ್ತೆಗಲ್ಲ, ಹೊಲ–ಕಾಡಿನ ದಾರಿಗೆ. ಜೀಪಿನ ಚಹರೆ ತನ್ನದೆಂದು ಫಿಯಟ್ ಕ್ರೈಸ್ಲರ್ ತಕರಾರು ಎತ್ತಿ, 2020ರಲ್ಲಿ ರಾಕ್ಸರ್‌ನ ಮುಖ ಬದಲಿಸಬೇಕಾಗಿ ಬಂತು.

ಇಲ್ಲಿಯೂ ಬದಲಿಸಿದ ಜೀಪುಗಳು ಈಗ ಮೆಲ್ಲಗೆ ರಸ್ತೆಯಿಂದ ಇಳಿಯುತ್ತಿವೆ. ಕೆಲವು ತೋಟದ ಗೇಟಿನಿಂದ ಹೊರಗೆ ಬರುವುದಿಲ್ಲ: ಅಡಿಕೆ, ಗೊಬ್ಬರ, ನೀರಿನ ಪೈಪು ಹೊರುತ್ತವೆ. ಇನ್ನು ಕೆಲವು ಆಫ್‌ರೋಡ್ ಸ್ಪರ್ಧೆಗಳಿಗೇ ಮೀಸಲು. 2014ರಿಂದ ಗೋವಾದ ಮಳೆಗಾಲದಲ್ಲಿ ನಡೆಯುತ್ತಿರುವ ರೇನ್‌ಫಾರೆಸ್ಟ್ ಚಾಲೆಂಜ್‌ನಂಥ ಕೂಟಗಳಿಗೆ ಇಂಥ ಜೀಪು ತನ್ನ ಚಕ್ರದ ಮೇಲೆ ಓಡಿಕೊಂಡು ಹೋಗುವುದಿಲ್ಲ, ಲಾರಿ ಹತ್ತಿ ಹೋಗುತ್ತದೆ. ಜೊತೆಗೆ ತುಂಬುವ ಬಿಡಿಭಾಗಗಳ ಪೆಟ್ಟಿಗೆಯಲ್ಲಿ ಬೆಲ್ಟು, ಫಿಲ್ಟರ್ ಬಿಟ್ಟರೆ ಎಂಜಿನ್ನಿಗೆ ಸೇರಿದ್ದು ಕಡಿಮೆ. ಉಳಿದದ್ದೆಲ್ಲ ಆಕ್ಸಲ್ ಶಾಫ್ಟು, ಹಬ್ಬು, ಕ್ರಾಸು, ಒಂದು ಇಡೀ ಪ್ರೊಪೆಲ್ಲರ್ ಶಾಫ್ಟು, ಜೊತೆಗೊಂದು ಡಬ್ಬ ಗೇರ್ ಆಯಿಲ್.